ಮೂಲೆ ಕತ್ತರಿಸಿದ ಫಿಲ್ಮು

ನಮ್ಮಲ್ಲಿ ತರಬೇತಿಯಲ್ಲಿದ್ದ ಡಾಕ್ಟರ್ ಸೈಮಿ ಬಾಗಿಲು ತಟ್ಟಲಿಲ್ಲ. ನೇರ ಒಳಗೆ ಬಂದಳು, ಎಕ್ಸ್-ರೇ ನೋಡುವ ಬೆಳಕಿನ ಪೆಟ್ಟಿಗೆಗಳ ಎದುರಿಗಿದ್ದ ಖಾಲಿ ಕುರ್ಚಿಯಲ್ಲಿ ಕೂತಳು, ತನ್ನ ಬೂಟಿನಿಂದ ಕರಗಿ ಇಳಿಯುತ್ತಿದ್ದ ಹಿಮವನ್ನು ನೋಡುತ್ತ ಹೇಳಿದಳು.

"ಹಿಲ್ಕಾ ಮೇಡಂ, ನಾನು ಕುರುಡೀನಾ? ಹೌದು ಅಂದ್ಬಿಡಿ, ಈಗ್ಲೇ ರಾಜೀನಾಮೆ ಕೊಟ್ಟು ಹೋಗ್ತೀನಿ. ನಾಳೆ ಸಭೇಲಿ ಅವರೆಲ್ಲ ಸೇರ್ಕೊಂಡು ಅದನ್ನೇ ಹೇಳೋದನ್ನ ಕೂತು ಕೇಳೋ ಶಕ್ತಿ ನಂಗಿಲ್ಲ."

ಹಿಲ್ಕಾ ರೌತಾಮಾ ಕಾಫಿ ಲೋಟ ಕೆಳಗಿಟ್ಟರು. ನಿವೃತ್ತಿಯ ವಯಸ್ಸು ದಾಟಿದ್ದರೂ ಎಕ್ಸ್-ರೇ ಕಲಿಸುವವರು ಬೇರೆ ಸಿಗದೆ ನಮ್ಮ ಆಸ್ಪತ್ರೆ ಅವರನ್ನು ಬಿಟ್ಟುಕೊಟ್ಟಿರಲಿಲ್ಲ. ಅವರಿಗೂ ಹೋಗುವ ಉತ್ಸಾಹ ಇರಲಿಲ್ಲ, ಇರುವ ಉತ್ಸಾಹವೂ ಇರಲಿಲ್ಲ. ಬೂದು ಸ್ವೆಟರ್ ಹಾಕಿಕೊಂಡು ಕತ್ತಲ ಕೋಣೆಯ ಮೂಲೆಯಲ್ಲಿ ಕೂರುತ್ತಿದ್ದರು. ಯಾರಿಗೂ ಬಗೆಹರಿಯದ ಫಿಲ್ಮುಗಳು ಕೊನೆಗೆ ಅಲ್ಲಿಗೇ ಬರುತ್ತಿದ್ದವು. ನಮ್ಮ ಪಾಲಿಗೆ ಅವರೇ ಪತ್ತೇದಾರರು. ನಾನು ಅವರ ಶಿಷ್ಯ, ಅಂದರೆ ಬನ್ನು ತರುವವನು, ಬೈಸಿಕೊಳ್ಳುವವನು.

"ವೇಸಾ," ಎಂದರು ನನಗೆ, "ಶುಕ್ರವಾರ ನಾನು ಜ್ವರ ಬಂದು ಮಲಗಿದ್ದೆ. ಏನಾಯ್ತು ಅಂತ ಹೇಳು. ಡೈಲಾಗ್ ಬೇಡ, ಕತೆ ಮಾತ್ರ."

"ಡೈಲಾಗ್ ಇಲ್ದೆ ಕತೆ ಹೇಗೆ ಮೇಡಂ? ಹೀರೋ ಎಂಟ್ರಿನೇ ಇಲ್ಲದ ಪಿಕ್ಚರ್ ಥರ..."

"ವೇಸಾ."

ಹೇಳಿದೆ. ಪ್ರತಿ ಶುಕ್ರವಾರ ನಮ್ಮಲ್ಲಿ ಕಲಿಕೆಯ ಸಭೆ. ವಿಭಾಗದ ಮುಖ್ಯಸ್ಥ ಯಾಲ್ಮಾರಿ ಹೊಂಗಿಸ್ತೋ ಫಿಲ್ಮುಗಳನ್ನು ಒಂದೊಂದಾಗಿ ಬೆಳಕಿಗೆ ತೂಗುಹಾಕುತ್ತಾರೆ, ಕಲಿಯುವವರು ಎದ್ದು ನಿಂತು ರೋಗ ಹೇಳಬೇಕು. ರೋಗಿ ಯಾರೆಂದು ಗೊತ್ತಾಗಬಾರದೆಂದು ಹೆಸರಿರುವ ಮೂಲೆಯನ್ನು ಮೊದಲೇ ಕತ್ತರಿಯಿಂದ ಕತ್ತರಿಸಿ ಎಸೆದಿರುತ್ತಾರೆ. ಅದು ಹೊಂಗಿಸ್ತೋ ಅವರ ಗುರುವಿನ ಕಾಲದಿಂದ ನಡೆದು ಬಂದ ಪದ್ಧತಿ. ನ್ಯುಮೋನಿಯಾ ಅಂದರೆ ಕಿಟಕಿಗೆ ಹಿಡಿದ ಮಂಜು, ಎದೆಯಲ್ಲಿ ನೀರು ಅಂದರೆ ಓರೆಯಾಗಿ ತುಂಬಿದ ಬಟ್ಟಲು, ಕ್ಷಯ ಅಂದರೆ ಗೋಡೆಯ ಮೇಲಂಚಿನ ಬೂಷ್ಟು. ಹೀಗೆ ಕಲಿತು ಕಲಿತು, ಎದುರಿಗೆ ಬಂದ ಮನುಷ್ಯನ ಮುಖ ನೋಡುವ ಮೊದಲೇ ಎದೆ ನೋಡುವ ಚಾಳಿ ನಮಗೆಲ್ಲ ಅಂಟಿತ್ತು.

ಆ ಶುಕ್ರವಾರ ಎರಡು ಫಿಲ್ಮು ತೂಗಿದವು. ಈ ಸಲ ಹೊಂಗಿಸ್ತೋ ಹೆಸರನ್ನೂ ಹೇಳಿದರು: ಎರಡೂ ತಾಯ್ಸ್ತೋ ಹಕೋಲಾ ಎಂಬ ದೋಣಿ ಬಡಗಿಯವು. ಮೊದಲನೆಯದು ಆ ವಾರದ್ದು. ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಮೊಟ್ಟೆಯಷ್ಟು ಗಡ್ಡೆ. ಅದೇ ಕಡೆಯ ಕೊರಳೆಲುಬು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಎರಡನೆಯದು ಕಳೆದ ವರ್ಷದ್ದು. ಅಲ್ಲೂ ಎಡ ಮೇಲ್ಭಾಗದಲ್ಲಿ ಬಟಾಣಿ ಗಾತ್ರದ ಬಿಳಿ ಚುಕ್ಕೆ, ಎಲ್ಲರಿಗೂ ಕಾಣುವಂತೆ. ಕಳೆದ ವರ್ಷ ಅದನ್ನು ನೋಡಿ 'ಶ್ವಾಸಕೋಶ ಸ್ವಚ್ಛ' ಎಂದು ಬರೆದವಳು ಸೈಮಿ.

"ಹೊಂಗಿಸ್ತೋ ಏನಂದ್ರು?"

"ಸೈಮಿಗೆ ಏನೂ ಅನ್ಲಿಲ್ಲ. ಅದೇ ಕೆಟ್ಟದ್ದು. ಎಲ್ಲರೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರು. ನಾನೇ ಸೈಮಿ ಕಿವೀಲಿ, ಅಲ್ನೋಡು, ಬಲಗಡೆ ಪಕ್ಕೆಲುಬಿನ ತುದಿ ಕವಣೆ ಥರ ಇದೆ, ಕಾಗೆ ಹೊಡೀಬಹುದು ಅಂದೆ. ನಗ್ಲಿ ಅಂತ."

"ನಗ್ಲಿಲ್ಲ," ಎಂದಳು ಸೈಮಿ. "ನಾನಾಗ ಆ ಚುಕ್ಕೆ ಬಿಟ್ಟು ಬೇರೇನೂ ನೋಡ್ತಿರ್ಲಿಲ್ಲ. ಈಗ ಕಣ್ಮುಚ್ಚಿದ್ರೂ ಅದೇ. ಮೇಡಂ, ಕಳೆದ ವರ್ಷ ಅದು ಅಲ್ಲಿರ್ಲಿಲ್ಲ. ಆದ್ರೆ ನನ್ನ ಮಾತು ನಂಗೇ ನಂಬಿಕೆ ಬರ್ತಿಲ್ಲ. ಒಬ್ಬ ಮನುಷ್ಯನ ಒಂದು ವರ್ಷ ನಾನು ತಿಂದ್ಹಾಕಿದೀನಿ ಅಂತಾದ್ರೆ..."

ಮಾತು ಮುಗಿಸದೆ ಎದ್ದು ಹೋದಳು. ಮರುದಿನದ ವಿಚಾರಣೆ ಸಭೆಯಲ್ಲಿ ಅವಳನ್ನು ತರಬೇತಿಯಿಂದ ತೆಗೆದುಹಾಕುವುದು ಬಹುತೇಕ ಖಚಿತವಾಗಿತ್ತು.

ಹಿಲ್ಕಾ ಸ್ವಲ್ಪ ಹೊತ್ತು ಕಣ್ಣುಜ್ಜಿಕೊಂಡರು. "ನಿನ್ನ ಕಿತಾಪತಿ ಅಲ್ಲ ತಾನೇ ಇದು? ಬೆಳಗಿನ ಫಿಲ್ಮು ರಾಶಿಯೊಳಗೆ ಸಾಸೇಜಿನ ಎಕ್ಸ್-ರೇ ಸೇರ್ಸಿದೋನು ನೀನು."

"ಆಣೆಗೂ ಅಲ್ಲ. ಸಾಸೇಜಿಗೂ ಯಾರೋ 'ಮೂಳೆ ಮುರಿದಿಲ್ಲ' ಅಂತ ವರದಿ ಬರೆದ್ರಲ್ಲ, ಅವತ್ತೇ ನಾನು ರಿಟೈರ್ ಆದೆ."

ಎರಡೂ ಫಿಲ್ಮು ತರಿಸಿ ಅಕ್ಕಪಕ್ಕ ಹಾಕಿದರು. "ಏನು ಕಾಣತ್ತೆ?"

"ಚುಕ್ಕೆ."

"ಆಮೇಲೆ?"

"ಆಮೇಲೆ ಏನಿಲ್ಲ."

ಹಿಲ್ಕಾ ಏಲಕ್ಕಿ ಬನ್ನು ಸುತ್ತಿದ್ದ ಕಾಗದವನ್ನು ಹರಿದು, ಒಂದು ಚೂರನ್ನು ಹಳೆಯ ಫಿಲ್ಮಿನ ಚುಕ್ಕೆಯ ಮೇಲೆ ಅಂಟಿಸಿ ಹಿಂದೆ ಸರಿದು ಕೂತರು. ಕಾಫಿ ಆರಿ ತಣ್ಣಗಾಗುವವರೆಗೂ ಉಳಿದದ್ದನ್ನೇ ನೋಡಿದರು. ಕೊನೆಗೆ ಸಂಬಂಧವೇ ಇಲ್ಲದ ಪ್ರಶ್ನೆ ಕೇಳಿದರು.

"ನಾಳೆ ವಿದ್ಯಾರ್ಥಿಗಳಿಗೆ ಯಾವ ಪಾಠ?"

"ಪಕ್ಕೆಲುಬು ಇತ್ತು. ಸೋಮವಾರ ಹೊಂಗಿಸ್ತೋ ರದ್ದು ಮಾಡಿದ್ರು. ಹುಡುಗ್ರು ದಣಿದಿದ್ದಾರೆ, ಬದಲಿಗೆ ಮಂಡಿ ತೋರ್ಸು ಅಂದ್ರು. ಅವರು ಪಾಠ ಬಿಟ್ಟಿದ್ದು ನಾನು ನೋಡಿದ್ದೇ ಇಲ್ಲ. ಮಗಳ ಮದುವೆ ದಿನಾನೂ ಪಾಠ ಮಾಡಿ ಚರ್ಚಿಗೆ ಹೋದೋರು."

"ಹೂಂ. ವಾರ್ಡಿಗೆ ಹೋಗು. ಬಡಗಿ ಹಕೋಲಾನ ಕೊರಳೆಲುಬು ಯಾವಾಗ ಮುರೀತು ಕೇಳ್ಕೊಂಡು ಬಾ. ಇನ್ನೇನೂ ಕೇಳ್ಬೇಡ."

ತಾಯ್ಸ್ತೋ ಹಕೋಲಾ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಕೂತು ಹೆಪ್ಪುಗಟ್ಟಿದ ಸರೋವರ ನೋಡುತ್ತಿದ್ದ. "ಇದಾ?" ಎಂದು ಹೆಗಲು ಸವರಿಕೊಂಡ. "ಚಿಕ್ಕೋನಿದ್ದಾಗ ಸೌನಾದ, ಹಬೆ ಸ್ನಾನದ ಮನೆ ಚಾವಣಿ ಮೇಲಿಂದ ಬಿದ್ದಿದ್ದು. ಅಪ್ಪ ಮೊದ್ಲು ಸ್ನಾನ ಮುಗಿಸಿ ಆಮೇಲೆ ಡಾಕ್ಟ್ರ ಹತ್ರ ಕರ್ಕೊಂಡು ಹೋದ. ಸೌನಾ ಕಾದಿತ್ತಲ್ಲ, ದಂಡ ಮಾಡೋಕಾಗುತ್ತಾ." ಹೊರಡುವಾಗ ಕೂಗಿ ಕೇಳಿದ. "ಆ ಹುಡುಗಿ ಡಾಕ್ಟ್ರು ಮೆಟ್ಟಿಲ ಹತ್ರ ಅಳ್ತಿದ್ರಂತೆ. ನನ್ನಿಂದನಾ?"

"ಅಲ್ಲ," ಎಂದೆ. ಅದು ನಿಜವೋ ಸುಳ್ಳೋ ನನಗೂ ಗೊತ್ತಿರಲಿಲ್ಲ.

ಉತ್ತರ ಕೇಳಿ ಹಿಲ್ಕಾ ಎದ್ದರು. ಮುಖ್ಯಸ್ಥರ ಕೋಣೆಯ ಹೊರಗೆ ಪಾಠದ ಪೆಟ್ಟಿಗೆ ಇತ್ತು. ವರ್ಷಗಳಿಂದ ಕೂಡಿಟ್ಟ 'ಚಂದದ' ಫಿಲ್ಮುಗಳು ಅದರಲ್ಲಿದ್ದವು. ಒಂದು ಲಕೋಟೆ ಎಳೆದು, ಒಳಗಿದ್ದುದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಹಾಗೇ ತಂದು ಸ್ವೆಟರಿನೊಳಗೆ ಸೇರಿಸಿದರು. ಅವರ ಮುಖದಲ್ಲಿ ಗೆದ್ದ ಖುಷಿ ಕಾಣಲಿಲ್ಲ. ಇನ್ನೊಂದು ಮಹಡಿ ಹತ್ತಬೇಕೆಂದು ಗೊತ್ತಾದವರ ಮುಖ ಅದು.

"ಹೇಳಿ ಮೇಡಂ. ಇಂಟರ್ವಲ್ ಆಯ್ತಲ್ಲ."

"ನಾಳೆ," ಎಂದರು. ಎರಡು ಹೆಜ್ಜೆ ನಡೆದು ನಿಂತರು. "ಇಲ್ಲ. ನಾಳೆಯವರೆಗೆ ಇಡೋ ಅಂಥದ್ದಲ್ಲ ಇದು. ಎಲ್ಲರನ್ನೂ ಈಗ್ಲೇ ಕರಿ."

ಊಟದ ಹೊತ್ತಿಗೆ ಮುಂಚೆ ಎಲ್ಲರೂ ಕತ್ತಲ ಕೋಣೆಯಲ್ಲಿ ಸೇರಿದರು. ಹೊಂಗಿಸ್ತೋ ಎಂದಿನಂತೆ ಟೈ ಕಟ್ಟಿ ನೆಟ್ಟಗೆ ನಿಂತಿದ್ದರೂ ಕಣ್ಣ ಕೆಳಗೆ ಕಪ್ಪಾಗಿತ್ತು. ಎಕ್ಸ್-ರೇ ತೆಗೆಯುವವರ ಮುಖ್ಯಸ್ಥೆ ತೂಲಾ ಕೈ ಕಟ್ಟಿಕೊಂಡು ಗೋಡೆಗೆ ಒರಗಿದ್ದಳು. ಸೈಮಿ ಬಾಗಿಲ ಬಳಿಯೇ ಉಳಿದಳು.

"ಮೊದ್ಲೇ ಹೇಳ್ತೀನಿ," ಎಂದಳು ತೂಲಾ. "ಫಿಲ್ಮಿಗೆ ಹೆಸರು ಹಾಕೋದ್ರಲ್ಲಿ ನಮ್ಮೋರು ತಪ್ಪಿದ್ರು ಅಂತ ಹೇಳೋಕೆ ಕರೆಸಿದ್ರೆ, ನಾನು ಹೊರಟೆ."

"ಕೂತ್ಕೊ ತೂಲಾ. ನಿಮ್ಮೋರು ಹೆಸರು ತಪ್ಪು ಹಾಕಿದ್ರೆ ಸೈಮಿ ಕಳೆದ ವರ್ಷ ನೋಡಿದ್ದೂ ಇದೇ ಫಿಲ್ಮು ಆಗಿರ್ಬೇಕಿತ್ತು. ಇಂಥ ಚುಕ್ಕೆ ಅವಳು ಬಿಡೋಳಲ್ಲ. ಫಿಲ್ಮು ಬದಲಾಗಿದ್ದು ಆಮೇಲೆ, ಹೆಸರಿನ ಮೂಲೆ ಕಸದ ಬುಟ್ಟಿಗೆ ಹೋದ್ಮೇಲೆ."

"ಬದಲಾಗಿದೆ ಅಂತ ಹೇಗೆ ಹೇಳ್ತೀಯ ಹಿಲ್ಕಾ?" ಹೊಂಗಿಸ್ತೋ ಮೆಲ್ಲಗೆ ಕೇಳಿದರು.

"ಗಡ್ಡೆ ಬೆಳೆಯುತ್ತೆ, ನೀರು ತುಂಬುತ್ತೆ, ಇಳಿಯುತ್ತೆ. ಎಲುಬು ಮಾತು ಬದಲಾಯಿಸಲ್ಲ." ಕಾಗದದ ಚೂರು ಅಂಟಿಸಿದ ಫಿಲ್ಮಿಗೆ ಬೆಳಕು ಹಾಕಿದರು. "ಚುಕ್ಕೆ ಮುಚ್ಚಿದೀನಿ. ಈಗ ನೋಡಿ. ಬಲಗಡೆ ಪಕ್ಕೆಲುಬು ತುದೀಲಿ ಕವಲೊಡೆದಿದೆ. ವೇಸಾ ಕಾಗೆ ಹೊಡೆಯೋಕೆ ಹೊರಟಿದ್ದ ಕವಣೆ. ಅದು ಹುಟ್ಟಿಂದ ಬರುತ್ತೆ, ಸಾಯೋವರೆಗೂ ಇರುತ್ತೆ. ಹೋದ ವಾರ ತೆಗೆದ ಹಕೋಲಾನ ಫಿಲ್ಮಲ್ಲಿ ಕವಲೇ ಇಲ್ಲ. ಹಕೋಲಾನ ಕೊರಳೆಲುಬು ಚಿಕ್ಕಂದಿನಲ್ಲೇ ಮುರಿದು ಸೊಟ್ಟಗಾಗಿದೆ. ಈ ಫಿಲ್ಮಲ್ಲಿ ಅದು ಗೆರೆ ಎಳೆದ ಹಾಗಿದೆ. ಇದು ಹಕೋಲಾ ಅಲ್ಲ."

ಸೈಮಿ ಬಾಗಿಲ ಹಿಡಿಯನ್ನು ಹಿಡಿದುಕೊಂಡಳು. ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆ ಎಲುಬನ್ನು ಮೊದಲು ನೋಡಿದವನು ನಾನೇ. ನೋಡಿ, ಜೋಕು ಮಾಡಿ, ಬಿಟ್ಟಿದ್ದೆ.

"ಅಂದ್ರೆ ಇದು ಯಾರು?" ಎಂದಳು ತೂಲಾ.

"ಅದಕ್ಕೇ ನಾಳೆವರೆಗೆ ಕಾಯ್ಲಿಲ್ಲ." ಹಿಲ್ಕಾ ಸ್ವೆಟರಿನೊಳಗಿನಿಂದ ಇನ್ನೊಂದು ಫಿಲ್ಮು ತೆಗೆದು ಪಕ್ಕಕ್ಕೆ ತೂಗಿದರು. ಅದರ ಮೂಲೆಯೂ ಕತ್ತರಿಸಿತ್ತು. ಸೊಟ್ಟ ಕೊರಳೆಲುಬು, ಕವಲಿಲ್ಲದ ಪಕ್ಕೆಲುಬು, ಚುಕ್ಕೆಯಿಲ್ಲದ ಶ್ವಾಸಕೋಶ. "ಇದು ಹಕೋಲಾನ ಕಳೆದ ವರ್ಷದ ಫಿಲ್ಮು. ಪಾಠದ ಪೆಟ್ಟಿಗೇಲಿತ್ತು. 'ಕವಲು ಪಕ್ಕೆಲುಬು, ಉಳಿದಂತೆ ಸ್ವಚ್ಛ' ಅಂತ ಬರೆದ ಲಕೋಟೆಯೊಳಗೆ. ಅಲ್ಲಿರಬೇಕಾಗಿದ್ದ ಕವಲು ಪಕ್ಕೆಲುಬು ಹಕೋಲಾನ ಹೆಸರಲ್ಲಿ ಸಭೆಗೆ ಬಂತು."

ದಣಿದ ದನಿಯಲ್ಲೇ ಮುಂದುವರಿಸಿದರು.

"ವೇಸಾ ತಮಾಷೆಗೆ ಮಾಡಿದ್ದಿದ್ರೆ, ಸೈಮಿ ಅತ್ತ ಕ್ಷಣವೇ ಒಪ್ಕೊಂಡಿರ್ತಿದ್ದ. ಅವನ ಹೊಟ್ಟೇಲಿ ಗುಟ್ಟು ನಿಲ್ಲಲ್ಲ. ಎರಡು ಫಿಲ್ಮೂ ಒಟ್ಟಿಗೆ ಇದ್ದದ್ದು ಒಂದೇ ಮೇಜಿನ ಮೇಲೆ. ಶುಕ್ರವಾರದ ಸಭೆಗೆ ಹಕೋಲಾ, ನಾಳೆಯ ಪಾಠಕ್ಕೆ ಪಕ್ಕೆಲುಬು, ಎರಡನ್ನೂ ತಯಾರು ಮಾಡ್ತಿದ್ದೋರು ಒಬ್ರೇ. ಎರಡಕ್ಕೂ ಹೆಸರಿಲ್ಲ. ಈ ವರ್ಷ ಮೊಟ್ಟೆಯಷ್ಟು ಇದೆ ಅಂದ್ಮೇಲೆ ಹೋದ ವರ್ಷ ಬಟಾಣಿಯಷ್ಟು ಇರ್ಲೇಬೇಕು ಅಂತ ಹುಡುಕಿದ್ರು. ಒಂದರಲ್ಲಿ ಬಟಾಣಿ ಸಿಕ್ತು. ಹುಡುಕಿದ್ದು ಸಿಕ್ಕ ಕೂಡ್ಲೇ ಕಣ್ಣು ರಜೆ ಹಾಕುತ್ತೆ. ಯಾಲ್ಮಾರಿ, ಅಲ್ಲೀವರೆಗೆ ಅದು ತಪ್ಪು ಅಷ್ಟೆ. ನಾನೂ ಮಾಡಿರ್ತಿದ್ದೆ."

ಹಿಲ್ಕಾ ಹೊಂಗಿಸ್ತೋ ಅವರತ್ತ ತಿರುಗಿದರು.

"ಸೋಮವಾರ ಪಾಠಕ್ಕೆ ಅಂತ ನೀನು ಲಕೋಟೆ ತೆಗೆದೆ. ಒಳಗೆ ಕವಲೇ ಇಲ್ಲ. ಆಗ ನಿಂಗೆ ಎಲ್ಲ ಗೊತ್ತಾಯ್ತು. ಅದಕ್ಕೇ ಪಾಠ ರದ್ದು. ಮಗಳ ಮದುವೆಗೂ ಬಿಡದ ಪಾಠ."

"ಯಾಕೆ?" ಸೈಮಿ ಕೇಳಿದ್ದು ಅಷ್ಟೇ.

ಹೊಂಗಿಸ್ತೋ ಸ್ಟೂಲಿನ ಮೇಲೆ ಕೂತರು. ಟೈ ಸಡಿಲಿಸಿದರು. "ಯಾಕಂದ್ರೆ ಆ ಲಕೋಟೆ ಮೇಲೆ ಸ್ವಚ್ಛ ಅಂತ ಬರೆದಿದ್ದು ನಾನು. ಅಂಥ ಎಲುಬು ನಾನು ಅಷ್ಟು ಚೆನ್ನಾಗಿ ಎಂದೂ ನೋಡಿರ್ಲಿಲ್ಲ ಮಗು. ಖುಷಿಯಾಗಿ ಅಲ್ಲೇ ನಿಂತ್ಬಿಟ್ಟೆ. ಮೇಲಿನ ಚುಕ್ಕೆ ನೋಡ್ಲೇ ಇಲ್ಲ. ಒಂದು ವರ್ಷದಿಂದ ಅದೇ ಫಿಲ್ಮು ಇಟ್ಕೊಂಡು ಪಾಠ ಮಾಡಿದೀನಿ. ಎಷ್ಟು ಜನ ನೋಡಿದ್ರು. ಯಾರಿಗೂ ಕಾಣ್ಲಿಲ್ಲ, ಎಲ್ಲರೂ ಎಲುಬು ನೋಡ್ತಿದ್ರು."

ಒಂದೇ ಫಿಲ್ಮು. ಪಾಠದಲ್ಲಿ ಎಲುಬು ನೋಡಿದವರಿಗೆ ಚುಕ್ಕೆ ಕಾಣಲಿಲ್ಲ, ಸಭೆಯಲ್ಲಿ ಚುಕ್ಕೆ ನೋಡಿದವರಿಗೆ ಎಲುಬು ಕಾಣಲಿಲ್ಲ.

"ಈ ಹುಡುಗಿ ಕೆಲಸ ಕಳ್ಕೊಳ್ಳೋದನ್ನ ನೋಡ್ತಾ ಕೂತಿರ್ತಿದ್ದೆಯಾ?" ಹಿಲ್ಕಾ ಕೇಳಿದರು.

"ಪ್ರತಿ ದಿನ ಬೆಳಿಗ್ಗೆ, ಇವತ್ತು ಹೇಳ್ತೀನಿ ಅಂತ ಬರ್ತಿದ್ದೆ."

"ಅವಳ ವಿಷಯ ಆಮೇಲೆ ನೋಡೋಣ. ಈ ಎದೆ ಹೊತ್ಕೊಂಡು ಒಬ್ಬ ಮನುಷ್ಯ ಊರಲ್ಲಿ ಓಡಾಡ್ತಿದ್ದಾನೆ. ಅವನ ಹೆಸರು ನೀನೇ ಕತ್ತರಿಸಿ ಎಸೆದೆ. ಅಂಥ ಎಲುಬು ನೆನಪಿಟ್ಟೋನಿಗೆ ಮನುಷ್ಯನ ನೆನಪೂ ಇರ್ಬೇಕು. ಯಾರು?"

"ರೇನೋ ಪೆಲ್ತಾರಿ," ಎಂದರು ಹೊಂಗಿಸ್ತೋ, ತಕ್ಷಣವೇ. "ಐಸ್-ಹಾಕಿ ಆಟದ ಮೈದಾನ ನೋಡ್ಕೊಳ್ಳೋನು. ಜಾರಿ ಬಿದ್ದು, ಪಕ್ಕೆ ನೋವು ಅಂತ ಬಂದಿದ್ದ."

ಹಿಲ್ಕಾ ಮೇಜಿನ ಮೇಲಿನ ಫೋನನ್ನು ಅವರತ್ತ ತಳ್ಳಿದರು. ಅವರು ಡಯಲ್ ತಿರುಗಿಸಿದರು. ಆ ತುದಿಯಲ್ಲಿ ತುಂಬ ಹೊತ್ತು ಗಂಟೆ ಬಡಿಯಿತು. ನಂತರ ಐಸ್ ಉಜ್ಜುವ ಯಂತ್ರದ ಗದ್ದಲ, ಅದರೊಳಗಿಂದ ಒಬ್ಬನ ದನಿ. ಹೊಂಗಿಸ್ತೋ ಎದ್ದು ನಿಂತು ಮಾತನಾಡಿದರು.

"ನಾನು ಡಾಕ್ಟರ್ ಹೊಂಗಿಸ್ತೋ. ಹೋದ ವರ್ಷ ನಿಮ್ಮ ಎಕ್ಸ್-ರೇ ಓದಿದ್ದು ನಾನು. ತಪ್ಪು ಓದಿದೆ. ಇಲ್ಲ, ಪಕ್ಕೆ ಅಲ್ಲ. ಇವತ್ತೇ ಬನ್ನಿ. ಯಂತ್ರ ಅಲ್ಲೇ ಬಿಟ್ಟು ಬನ್ನಿ."

ಪೆಲ್ತಾರಿ ಬಂದ, ಕೈಯಲ್ಲಿ ಒದ್ದೆ ಗ್ಲೌಸು ಹಿಡಿದು. ಹೊಸ ಫಿಲ್ಮಿನಲ್ಲಿ ಬಟಾಣಿ ಹೆಚ್ಚೇನೂ ಬೆಳೆದಿರಲಿಲ್ಲ. ಶಸ್ತ್ರಚಿಕಿತ್ಸೆಯವರು ನೋಡಿ, ತೆಗೆಯಬಹುದು ಎಂದರು. ಹೊಂಗಿಸ್ತೋ ಆಡಳಿತದವರಿಗೆ ತಾವೇ ಎಲ್ಲ ಹೇಳಿ ಹುದ್ದೆ ಬಿಟ್ಟರು. ಸೈಮಿಯ ಸಭೆ ನಡೆಯಲೇ ಇಲ್ಲ. ಬಡಗಿ ಹಕೋಲಾನಿಗೆ ಮಾತ್ರ ಈ ಸತ್ಯದಿಂದ ಏನೂ ಸಿಗಲಿಲ್ಲ. ಅವನ ಗಡ್ಡೆ ಮೊಟ್ಟೆಯಷ್ಟೇ ಇತ್ತು.

ಅವತ್ತು ಸಂಜೆ ಸೈಮಿ ಹಕೋಲಾನ ಹಳೆಯ ಫಿಲ್ಮಿನ ಎದುರು ಕೂತೇ ಇದ್ದಳು. "ಮೇಡಂ, ಕೊರಳೆಲುಬಿನ ಹಿಂದೆ ಒಂಚೂರು ಮಬ್ಬಿದೆ. ಈಗ ಕಾಣ್ತಿದೆ."

"ಈಗ ಎಲ್ಲರಿಗೂ ಕಾಣುತ್ತೆ," ಎಂದರು ಹಿಲ್ಕಾ. "ಕಾಣಿಸ್ತಿರೋದು ಕಣ್ಣಿಂದ ಅಲ್ಲ, ಗೊತ್ತಿರೋದ್ರಿಂದ. ಹೋದ ವರ್ಷ ನಂಗೂ ಕಾಣ್ತಿರ್ಲಿಲ್ಲ. ನಾಳೆ ಹೋಗಿ ಅವನ ಹತ್ರ ಕೂತು ಮಾತಾಡು. ನಿನ್ನ ವಿಷಯ ಕೇಳ್ತಿದ್ನಂತೆ."

ಅವಳು ಹೋದ ಮೇಲೆ ಬೆಳಗಿನಿಂದ ಬಿದ್ದಿದ್ದ ರಾಶಿ ನಮ್ಮಿಬ್ಬರ ಪಾಲಿಗೆ ಉಳಿಯಿತು. ಮೊದಲ ಫಿಲ್ಮು ತೂಗುಹಾಕಿದೆ. ಬಲಗಡೆ ಕೆಳಗೆ, ಕಿಟಕಿಗೆ ಹಿಡಿದ ಮಂಜು.

"ನ್ಯುಮೋನಿಯಾ ಮೇಡಂ. ಚಿಕ್ಕ ಮಗುವೂ ಹೇಳುತ್ತೆ."

ಹಿಲ್ಕಾ ಕಣ್ಣು ಮುಚ್ಚಿಕೊಂಡೇ ಕೇಳಿದರು. "ಆಮೇಲೆ?"

ಬಾಯಿಗೆ ಬಂದ ಡೈಲಾಗನ್ನು ನುಂಗಿಕೊಂಡೆ. ಮಂಜಿನ ಮೇಲೆ ಅಂಗೈ ಇಟ್ಟು ಮುಚ್ಚಿ, ಮೇಲಿನ ಪಕ್ಕೆಲುಬಿನಿಂದ ಶುರು ಮಾಡಿದೆ.