ನಲವತ್ತು ನಿಮಿಷದ ದಾರಿ

ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ವಿಮಾನ ನಿಲ್ದಾಣದ ಮ್ಯಾನೇಜರ್ ಏದುಸಿರು ಬಿಡುತ್ತ ಠಾಣೆಗೆ ಬಂದರು. ಅಗ್ನಿಶಾಮಕ ವಾಹನದ ಕೀ ಕಳುವಾಗಿ, ಹತ್ತು ಗಂಟೆಯ ವಿಮಾನ ಹೊರಡುವಂತಿರಲಿಲ್ಲ.

“ಅದಕ್ಕೂ ವಿಮಾನಕ್ಕೂ ಏನ್ರೀ ಸಂಬಂಧ?” ಎಂದರು ಇನ್ಸ್‌ಪೆಕ್ಟರ್.

“ನಮ್ಮಲ್ಲಿರೋದು ಒಂದೇ ಗಾಡಿ ಸಾರ್. ಅದು ಸಿದ್ಧ ಇಲ್ಲ ಅಂದ್ರೆ ವಿಮಾನ ಏಳೋ ಹಾಗಿಲ್ಲ. ಇನ್ನೊಂದು ಕೀ ವಿಮಾನ ಹೋಗೋ ಊರಿನ ನಿಲ್ದಾಣದಿಂದ ಜೀಪಲ್ಲಿ ಬರ್ತಾ ಇದೆ.”

“ಎಷ್ಟು ದೂರ?”

“ಹಾರಿದ್ರೆ ಇನ್ನೂರು ಕಿಲೋಮೀಟರ್, ನಲವತ್ತು ನಿಮಿಷ. ರಸ್ತೇಲಿ ಬೆಟ್ಟ ಬಳಸಿ ಆರು ಗಂಟೆ.”

“ತಲೆ ಸುತ್ತಿ ಮೂಗು ಹಿಡಿದ ಹಾಗಾಯ್ತು,” ಎಂದು ಕಾನ್‌ಸ್ಟೆಬಲ್ ನಕ್ಕ.

ಎಫ್‌ಐಆರ್ ದಾಖಲಿಸಿ, ಹತ್ತೂವರೆಗೆ ಸ್ಥಳಕ್ಕೆ ಹೋಗಿ ಪಂಚನಾಮೆ ನಡೆಸಿದರು. ಕೀ ತೂಗುಹಾಕುವ ಮೊಳೆಯ ಪಕ್ಕದಲ್ಲೇ ಚಾಲಕನ ಕೈಗಡಿಯಾರವಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

“ಇದು ಮಾರೋಕೆ ಕದ್ದಿದ್ದಲ್ಲ, ವಿಮಾನ ನಿಲ್ಲಿಸಿ ಯಾರನ್ನೋ ತಡೆಯೋಕೆ ಕದ್ದಿದ್ದು,” ಎಂದರು ಇನ್ಸ್‌ಪೆಕ್ಟರ್. “ಇವತ್ತು ಎಲ್ಲರಿಗಿಂತ ಹೆಚ್ಚು ಅವಸರ ಯಾರಿಗೆ? ಅಲ್ಲಿಂದ ಶುರು ಮಾಡೋಣ.”

ಹುಡುಕಬೇಕಾಗಲಿಲ್ಲ. ಕಾಯುವ ಕೋಣೆಯಲ್ಲಿ ಒಬ್ಬ ಯುವಕ ಮೇಜು ಗುದ್ದುತ್ತಿದ್ದ.

“ಏನಪ್ಪಾ ಅಷ್ಟು ತುರ್ತು?”

“ಮನೆ ವಿಷಯ.”

“ಹೇಳು.”

“ನಮ್ಮಮ್ಮ. ಐವತ್ತೆರಡನೇ ವಯಸ್ಸಲ್ಲಿ ಮದುವೆಯಂತೆ! ಈ ವಿಮಾನ ಹೋಗೋ ಊರಿನ ನೋಂದಣಿ ಕಚೇರೀಲಿ, ಹನ್ನೆರಡಕ್ಕೆ. ನಸುಕಿನಲ್ಲೇ ಬಸ್ ಹತ್ತಿದ್ದಾಳೆ. ನಾನು ಹಾರಿ ಹೋಗಿ ಬಾಗಿಲಲ್ಲೇ ಹಿಡಿದು ಎಳ್ಕೊಂಡು ಬರ್ತಿದ್ದೆ.”

“ಮದುವೆ ಅವರದ್ದಲ್ವಾ?”

“ಮರ್ಯಾದೆ ನಮ್ಮದು ಸಾರ್!”

ನೆಲ ಒರೆಸುತ್ತಿದ್ದ ಹೆಂಗಸು ಅವನ ಕುರ್ಚಿಯ ಬಳಿ ಬಂದಳು. “ಕಾಲೆತ್ತೋ.”

ಅವನು ಅವಳತ್ತ ನೋಡದೆಯೇ ಕಾಲೆತ್ತಿದ. ಇನ್ಸ್‌ಪೆಕ್ಟರ್ ನೋಡಿದರು. ಬೂಟು ಹಾಕಿದ ಪ್ರಯಾಣಿಕನನ್ನು ಒರೆಸುವವಳು ಹೀಗೆ ಗದರಿಸಿದ್ದನ್ನು ಅವರು ಎಲ್ಲೂ ಕಂಡಿರಲಿಲ್ಲ.

“ಏನಮ್ಮಾ, ಇವನು ನಿಮಗೇನಾಗಬೇಕು?”

“ಅಣ್ಣನ ಮಗ.”

“ಕೀ ಎಲ್ಲಿದೆ?”

“ಗಂಟೆ ಎಷ್ಟಾಯ್ತು ಸಾರ್?”

“ಹನ್ನೊಂದು ಐವತ್ತು.”

“ಹಾಗಾದ್ರೆ ಗೊತ್ತಿಲ್ಲ.”

ಕಪಾಟು, ಚೀಲ, ಕಸದ ಬುಟ್ಟಿ ಎಲ್ಲವನ್ನೂ ಮತ್ತೊಮ್ಮೆ ಜಾಲಾಡಿದರು. ಹನ್ನೆರಡೂ ಕಾಲಿಗೆ ಅವಳ ಫೋನ್ ಒಮ್ಮೆ ಹೊಡೆದುಕೊಂಡು ನಿಂತಿತು. ಅವಳು ಸೆರಗು ಬಿಗಿದು, ಯಾರಿಗೂ ಕೈಹಾಕಲು ಮನಸ್ಸಾಗದ ತನ್ನ ಕೊಳೆನೀರಿನ ಬಕೆಟ್ಟಿಗೆ ಕೈ ಇಳಿಸಿ ಕೀ ತೆಗೆದಳು. ಒರೆಸಿ ಮೇಜಿನ ಮೇಲಿಟ್ಟಳು.

“ಅತ್ತೇ! ನೀನಾ?”

“ನಾನೇ ಕಣೋ. ಬರ್ಕೊಳ್ಳಿ ಸಾರ್, ಬೇರೆ ಯಾರನ್ನೂ ಸೇರಿಸ್ಬೇಡಿ. ಅಣ್ಣ ಹೋಗಿ ಹನ್ನೆರಡು ವರ್ಷ. ಜೊತೆಗೆ ಅತ್ತಿಗೇನೂ ಸತ್ತಳು ಅಂದ್ಕೊಂಡಿದ್ದಾನೆ ಇವನು. ಹೋದ ವರ್ಷ ಕಾರಲ್ಲಿ ಬಸ್ಸು ಅಡ್ಡಗಟ್ಟಿ ಎಳ್ಕೊಂಡು ಬಂದ. ಈ ಸಲ ವಿಮಾನ. ನನ್ನ ಹತ್ರ ಇದ್ದದ್ದು ಬಕೆಟ್ಟು.”

“ಮೂವತ್ತು ಜನ ಕಾದರಲ್ಲಮ್ಮಾ?”

“ಅವರ ಕಾಲಿಗೆ ಬೀಳ್ತೀನಿ. ಇವನೊಬ್ಬನ್ನ ಬಿಟ್ಟು.”

“ಕೆಲಸ ಹೋಗುತ್ತೆ.”

“ನೆಲ ಎಲ್ಲಾ ಊರಲ್ಲೂ ಕೊಳೆ ಆಗುತ್ತೆ ಸಾರ್.”

ಹನ್ನೆರಡೂವರೆಗೆ ಬಂಧನ ದಾಖಲಾಯಿತು. ವಿಮಾನ ಒಂದಕ್ಕೆ ಎದ್ದಿತು. ಅಣ್ಣನ ಮಗ ಹತ್ತಲಿಲ್ಲ. ಈಗ ಅಲ್ಲಿ ಅವನಿಗೇನೂ ಕೆಲಸವಿರಲಿಲ್ಲ. ಅತ್ತಿಗೆಯ ಆರು ಗಂಟೆಯ ದಾರಿಗೆ ಬೇಕಾಗಿದ್ದ ಸಮಯವನ್ನು ನಾದಿನಿ ಕದ್ದು ಕೊಟ್ಟಿದ್ದಳು, ಅಷ್ಟೇ.

ಜೀಪಿನಲ್ಲಿ ಅವಳು ಕೇಳಿದಳು, “ಠಾಣೆ ದೂರವಾ?”

“ಹತ್ತು ನಿಮಿಷ,” ಎಂದ ಕಾನ್‌ಸ್ಟೆಬಲ್.

“ನಿಧಾನಕ್ಕೇ ಓಡಿಸಪ್ಪಾ. ಈಗ ನಮಗೇನು ಅವಸರ?”