ಕ್ರೌಚರ ಮೇರೆಕಲ್ಲು

"ಎಲ್ಲಾ ಕಲ್ಲಿಗೂ ಹೊಡೀರಿ ಮೇಷ್ಟ್ರೇ, ಯಾರೂ ಬೇಡ ಅನ್ನಲ್ಲ. ಆ ಒಂದು ಜಾಗದಲ್ಲಿ ಮಾತ್ರ ಕೋಲು ಎತ್ತಬೇಡಿ," ಎಂದಳು ಡಾರ್ಕಸ್ ಡನೇಜ್ ಮುದುಕಿ.

ಕ್ಲೆಮೆಂಟ್ ಕ್ರೌಚ್ ನಕ್ಕ. "ಎತ್ತಿದ್ರೆ ಏನಾಗುತ್ತೆ ಅಜ್ಜಿ? ನೆಲ ಅಳುತ್ತಾ?"

"ನೆಲ ಯಾಕೆ ಅಳುತ್ತೆ? ಅಳೋರು ನೀವು."

ಸುತ್ತ ನಿಂತವರಲ್ಲಿ ಯಾರೂ ನಗಲಿಲ್ಲ. ಕಟುಕ ಸೇತ್ ಮಾತ್ರ, ಹೆಗಲ ಮೇಲಿದ್ದ ಹಂದಿಮಾಂಸದ ಬುಟ್ಟಿಯನ್ನು ಆ ಕಡೆಯಿಂದ ಈ ಕಡೆಗೆ ಹಾಕಿಕೊಳ್ಳುತ್ತ, "ಬಿಡಜ್ಜಿ, ಪಟ್ಟಣದ ಮಾಂಸ. ಬೇಗ ಬೇಯುತ್ತೆ," ಎಂದು ಗೊಣಗಿದ.

ಮಹಾಯುದ್ಧ ಮುಗಿದ ಮೇಲಿನ ಮೇ ತಿಂಗಳು ಅದು. ವಿದರ್ಲಿ ಪ್ಯಾರಿಷಿನವರು, ಎಂದರೆ ಆ ಊರಿನ ಚರ್ಚಿಗೆ ಸೇರಿದವರು, ವರ್ಷಕ್ಕೊಮ್ಮೆ ತಮ್ಮ ಮೇರೆಯನ್ನು ಸುತ್ತುವ ದಿನ. ಮುಂದೆ ಮರದ ಶಿಲುಬೆ, ಅದರ ಹಿಂದೆ ಚರ್ಚಿನ ಪಾದ್ರಿ ಪಿಮ್ ಅಯ್ಯನವರು, ಅವರ ಹಿಂದೆ ಸಿಪ್ಪೆ ಸುಲಿದ ನೀರವಂಜಿ ಮರದ ಬಿಳಿ ಕೋಲು ಹಿಡಿದ ಊರು. ಒಂದೊಂದು ಮೇರೆಕಲ್ಲಿನ ಹತ್ತಿರವೂ ನಿಂತು ಪೈರಿಗಾಗಿ, ಮಳೆಗಾಗಿ ಪ್ರಾರ್ಥನೆ. ಆಮೇಲೆ ಎಲ್ಲರೂ ಕಲ್ಲಿಗೆ ಕೋಲಿನಿಂದ ಹೊಡೆಯುತ್ತಾರೆ. ದೇವರು ಅಳೆದು ಕೊಟ್ಟದ್ದು ಎಲ್ಲಿ ಮುಗಿಯುತ್ತದೆಂದು ಮನುಷ್ಯನ ತೋಳು ನೆನಪಿಡಬೇಕು. ಅದಕ್ಕೆ ಈ ಏಟು.

ಕ್ಲೆಮೆಂಟ್ ಲೀಡ್ಸ್ ಪಟ್ಟಣದ ಶಾಲೆಯಲ್ಲಿ ಚರಿತ್ರೆ ಕಲಿಸುವವನು. ಅವನ ತಂದೆ ಸೈಲಸ್ ಸಾಯುವಾಗ ಕೇಳಿದ್ದು ಒಂದೇ. "ನನ್ನ ಬೂದೀನ ವಿದರ್ಲೀಲಿ ಹೂಳು, ಮಗಾ. ಮೇಲೆ ನನ್ನ ಹೆಸರು ಕೆತ್ತಿಸು." ಬೂದಿಯ ಪೆಟ್ಟಿಗೆ ಈಗ ಚರ್ಚಿನ ಒಳಗಿತ್ತು. ಹೂಳುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಹೆಸರಿಗೆ ಊರು ಒಪ್ಪಲಿಲ್ಲ. ಚರ್ಚಿನ ಹಿತ್ತಲಿನಲ್ಲಿ ಕ್ರೌಚರ ಗೋರಿಗಳೆಲ್ಲ ಬೋಳುಗಲ್ಲುಗಳು; ಒಂದರ ಮೇಲೂ ಅಕ್ಷರವಿಲ್ಲ.

ಕಾರಣ ಇನ್ನೂರು ವರ್ಷದ ಹಿಂದಿನದು. ಐಸಾಕ್ ಕ್ರೌಚ್ ಎಂಬವನು ವಿಧವೆ ಮರ್ಸಿ ಡನೇಜಳ ಒರತೆಯ ಆಸೆಗೆ ಮೇರೆಕಲ್ಲನ್ನು ಕಿತ್ತು ಅವಳ ಹೊಲದ ಒಳಗೆ ನೆಟ್ಟ. ಉಪವಾಸದ ಕಾಲ ಶುರುವಾಗುವ ಬೂದಿ ಬುಧವಾರ ಚರ್ಚಿನಲ್ಲಿ ಪಾಪಿಗಳ ಮೇಲಿನ ಶಾಪಗಳನ್ನು ಓದುವ ಪದ್ಧತಿ. ಮೇರೆ ಒತ್ತಿದವನ ಮೇಲಿನ ಶಾಪ ಬಂದಾಗ ಎಲ್ಲರ ಜೊತೆ ಐಸಾಕನೂ ಗಟ್ಟಿಯಾಗಿ ಆಮೆನ್ ಎಂದ. ಮರ್ಸಿ ಎದ್ದು ಅವನ ಬೆನ್ನ ಮೇಲೆ ಬೂದಿ ಮೆತ್ತಿದ ಕೈಯಿಟ್ಟಳು. "ಕಲ್ಲು ಇರಬೇಕಾದ ಕಡೆ ನಿನ್ನ ಮೈ ಇರಲಿ. ಊರು ಕಲ್ಲಿಗೆ ಕೊಡೋ ಏಟನ್ನ ನಿನ್ನ ರಕ್ತ ತಿನ್ನಲಿ," ಎಂದಳು. ಅದೇ ವಾರ, ಕಲ್ಲು ಕಿತ್ತು ಬರಿದಾದ ಗುಳಿಯಲ್ಲಿ ಅವಳು ಏನನ್ನೋ ಹೂತಳಂತೆ. ಮುಂದಿನ ಮೇ ತಿಂಗಳು ಊರು ಹಳೆಯ ಜಾಗದಲ್ಲಿ ನೆಲಕ್ಕೆ ಹೊಡೆಯಿತು. ಐಸಾಕ್ ತನ್ನ ಮನೆಯಲ್ಲಿ, ಹಾಸಿಗೆಯ ಮೇಲೆ, ಬೆನ್ನಿನ ಚರ್ಮವಿಲ್ಲದೆ ಸಿಕ್ಕಿದ. ಅಂದಿನಿಂದ ಅಲ್ಲಿ ಯಾರೂ ಕೋಲೆತ್ತಿಲ್ಲ. ಕಲ್ಲನ್ನು ಹಿಂದಕ್ಕೆ ತರಲು ಕುದುರೆ ಕಟ್ಟಿದ್ದರು. ಕುದುರೆಯ ಕಾಲು ಮುರಿಯಿತು, ಕಲ್ಲು ಮಿಸುಕಲಿಲ್ಲ.

"ಕಲ್ಲು ಮೊದಲಿಂದಲೂ ಈಗಿರೋ ಕಡೆನೇ ಇದೆ," ಎಂದ ಕ್ಲೆಮೆಂಟ್ ದಾರಿಯುದ್ದಕ್ಕೂ. "ನೀವು ಹೇಳೋ ಜಾಗದಲ್ಲಿ ಅಗೀತೀನಿ. ಏನೂ ಸಿಗದಿದ್ರೆ ನಮ್ಮಪ್ಪನ ಹೆಸರು ಕೆತ್ತಿಸ್ತೀರಾ ಅಯ್ಯನವರೇ?"

ಪಿಮ್ ಅಯ್ಯನವರು ಶಿಲುಬೆಯನ್ನೇ ನೋಡುತ್ತಿದ್ದರು. "ಸಿಕ್ಕಿದ್ರೆ, ಕ್ಲೆಮೆಂಟ್?"

ಅವನು ಕೋಲನ್ನು ಬೀಸಿಕೊಂಡು ಮುಂದೆ ನಡೆದ.

ಕೊನೆಯ ಮೇರೆಗೆ ಹೋಗುವ ಓಣಿ ತಗ್ಗಿನದು. ಎರಡು ಬದಿಯ ಮಣ್ಣಗೋಡೆ ತಲೆಗಿಂತ ಎತ್ತರ. ಮೇಲೆ ಮುಳ್ಳುಬೇಲಿಗಳು ಒಂದಕ್ಕೊಂದು ಹೆಣೆದುಕೊಂಡು ನಡುಹಗಲಲ್ಲೇ ಸಂಜೆಯಂತಿತ್ತು. ಬೇಲಿಯ ಬಿಳಿ ಹೂವು ದೂರದಿಂದ ಹಾಲಿನ ನೊರೆ, ಹತ್ತಿರ ಹೋದರೆ ಹಳಸಿದ ಮಾಂಸದ ವಾಸನೆ. ಕೆಳಗೆ ತುಳಿದ ಕಾಡುಬೆಳ್ಳುಳ್ಳಿಯ ಘಾಟು. ಎಲ್ಲಿಂದಲೋ ಮಂಜು ಇಳಿಯಿತು. ಅಲ್ಲಿಯವರೆಗೂ ಕೂಗುತ್ತಿದ್ದ ಕೋಗಿಲೆ ಅರ್ಧ ಕೂಗಿಗೇ ನಿಂತಿತು.

ಓಣಿ ಮುಗಿದ ಕಡೆ ಬಯಲು. ಆಚೆ, ಮೂರು ಮಾರು ದೂರದಲ್ಲಿ, ಸೊಂಟದೆತ್ತರದ ಕಲ್ಲು. ಈಚೆ ಹುಲ್ಲೇ ಹುಟ್ಟದ, ಒಂದು ಚಾಪೆಯಷ್ಟು ಕರಿನೆಲ. ಊರು ತಲೆ ತಗ್ಗಿಸಿ ಸುಮ್ಮನೆ ದಾಟತೊಡಗಿತು.

ಕ್ಲೆಮೆಂಟ್ ನಿಂತ. ಮೊದಲು ಬೂಟಿನ ತುದಿಯಿಂದ, ಆಮೇಲೆ ಸೇತನ ಬುಟ್ಟಿಯಿಂದ ಎಳೆದುಕೊಂಡ ಚೂರಿಯಿಂದ ಕೆದಕಿದ. ಮಣ್ಣು ಬೆಣ್ಣೆಯಂತೆ ಬಿಟ್ಟುಕೊಂಡಿತು. ಚೂರಿ ಟಣ್ ಎಂದಿತು. ಕುತ್ತಿಗೆಯ ಮೇಲೆ ಗಡ್ಡದ ಮುಖದ ಅಚ್ಚು ಒತ್ತಿದ ಕಂದು ಜಾಡಿ. ಬಾಯಿಗೆ ಮೇಣ.

"ಮುಟ್ಟಬೇಡಿ," ಎಂದಳು ಡಾರ್ಕಸ್.

"ಹಳೇ ಹೆಂಡದ ಜಾಡಿ!" ಅವನ ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿತ್ತು. ಬೂಟಿನಿಂದ ತುಳಿದ. ಜಾಡಿ ಒಡೆಯಿತು. ಬಾಗಿಸಿದ ಗುಂಡುಸೂಜಿಗಳು, ಉಗುರು, ಕೆಂಪು ಕೂದಲಿನ ಉಂಡೆ, ಮೊಳೆ ಚುಚ್ಚಿದ, ಹೃದಯದ ಆಕಾರದ ಬಟ್ಟೆ. ಉಚ್ಚೆಯ ನಾತ ಮುಖಕ್ಕೆ ಹೊಡೆಯಿತು, ನಿನ್ನೆ ತುಂಬಿದಷ್ಟು ಹಸಿಯಾಗಿ. ಕೂದಲು ಅವನ ತಲೆಯ ಕೂದಲಿನ ಬಣ್ಣವೇ.

ಅವನಿಗೆ ಸಿಟ್ಟು ಬಂತು. ಹೆದರಿಕೆಯೇ ಸಿಟ್ಟಿನ ವೇಷ ಹಾಕಿತ್ತು. "ನಾನು ಕ್ಲೆಮೆಂಟ್ ಕ್ರೌಚ್!" ಎಂದು ಕೂಗಿ ಕೋಲೆತ್ತಿ ನೆಲಕ್ಕೆ ಬೀಸಿದ.

ಅವನ ಅಂಗಿಯ ಬೆನ್ನು ಹರಿಯಿತು. ಉದ್ದಕ್ಕೆ. ಒಂದು ಕೆಂಪು ಗೆರೆ.

ಯಾರೂ ಅವನ ಹತ್ತಿರ ಇರಲಿಲ್ಲ.

ಆಗ ಊರಿನ ಕೈಗಳು ಎದ್ದವು. ಸೇತ್ ಎಡಗೈಯಿಂದ ತನ್ನ ಬಲಗೈ ಹಿಡಿದು ಕೆಳಗೆಳೆದ, ಬಲಗೈ ಕೇಳಲಿಲ್ಲ. "ನಾನಲ್ಲಪ್ಪಾ! ನಾನಲ್ಲ!" ಎಂದು ಅಳುತ್ತಲೇ ಹೊಡೆದ. ಅಯ್ಯನವರು ದೇವರ ಹೆಸರು ಕೂಗುತ್ತಲೇ ಶಿಲುಬೆಯ ಬುಡದಿಂದ ಹೊಡೆದರು. ಕೋಲುಗಳೆಲ್ಲ ಬಿದ್ದದ್ದು ನೆಲಕ್ಕೆ. ಹರಿದದ್ದು ಅವನ ಮೈ. ಒಂದೊಂದು ಏಟಿಗೂ ಚರ್ಮ ಸಿಪ್ಪೆಯಂತೆ ಸುಲಿಯಿತು. ಬೆನ್ನು. ಭುಜ. ಕಿವಿ ಸೀಳಿತು. ಬಾಯಿಗೆ ತನ್ನದೇ ರಕ್ತ ಬಂತು, ಕಬ್ಬಿಣದ ರುಚಿ. ಓಡಲು ನೋಡಿದ. ಕಾಲು ಕರಿನೆಲದಲ್ಲಿ ಹೂತುಹೋಗಿತ್ತು, ನೆಟ್ಟಂತೆ.

"ಶಾಪ ತೆಗೀ ಅಜ್ಜಿ! ನಿಮ್ಮೋಳು ಹಾಕಿದ್ದು! ತೆಗೀ!"

ಡಾರ್ಕಸಳ ಕೈಯೂ ಏಳುತ್ತ ಬೀಳುತ್ತ ಇತ್ತು. ಕಣ್ಣಲ್ಲಿ ನೀರು. "ಹಾಕಿದೋಳು ಮಣ್ಣಾದ್ಲು ಮಗಾ. ನನ್ನ ಕೈಲಿ ಏನೂ ಇಲ್ಲ. ಕಲ್ಲು ಕಿತ್ತೋನ ರಕ್ತಾನೇ ಅದನ್ನ ವಾಪಸ್ ಇಡಬೇಕು. ಒಪ್ಪಿಕೋ! ಕಲ್ಲು ತಾ!"

ಒಪ್ಪಿಕೊಂಡರೆ ಅಪ್ಪನದು ಕಳ್ಳನ ವಂಶ. ಒಪ್ಪದಿದ್ದರೆ ಅಪ್ಪನ ಹೆಸರು ಹೇಳಲು ಯಾರೂ ಉಳಿಯುವುದಿಲ್ಲ.

"ಕದ್ದ!" ಎಂದು ಚೀರಿದ ಕ್ಲೆಮೆಂಟ್. "ಐಸಾಕ್ ಕದ್ದ! ನಮ್ಮೋನು ಕದ್ದ!"

ನೆಲ ಕಾಲು ಬಿಟ್ಟಿತು. ತೆವಳಿದ. ಏಟು ನಿಲ್ಲಲಿಲ್ಲ. ಹುಲ್ಲಿನ ಮೇಲೆ ಕೆಂಪು ದಾರಿ. ಕಲ್ಲನ್ನು ತಬ್ಬಿದ. ಕುದುರೆಗೆ ಮಣಿಯದ ಕಲ್ಲು ಅವನ ತೋಳಿಗೆ ಹಾಲುಹಲ್ಲಿನಂತೆ ಅಲುಗಿತು. ಎಳೆದ. ಬಿದ್ದ. ಎಳೆದ. ಎದೆಯ ಮೂಳೆ ಲಟಕ್ ಎಂದಿತು. ಗುಳಿಯ ಅಂಚು. ಕಲ್ಲು ವಾಲಿತು. ಬಲಗೈ ಕೆಳಗಿತ್ತು.

ಕಲ್ಲು ಕೂತಿತು.

ಕೋಲುಗಳು ಒಟ್ಟಿಗೇ ಉದುರಿದವು. ಆ ನಿಶ್ಶಬ್ದದಲ್ಲಿ ಕ್ಲೆಮೆಂಟನ ಕೂಗು ಒಂದೇ. ಕಲ್ಲು ಇಳಿಯುತ್ತಿತ್ತು. ಮಣಿಕಟ್ಟು ಒಳಗೆ. ಇನ್ನೂ ಇಳಿಯುತ್ತಿತ್ತು. ಊರೆಲ್ಲ ಸೇರಿ ಹೆಗಲು ಕೊಟ್ಟರು, ಕೂದಲೆಳೆಯಷ್ಟೂ ಏಳಲಿಲ್ಲ. ಮೊಣಕೈ ನೆಲ ಮುಟ್ಟಿತು.

"ಸೇತ್," ಎಂದರು ಅಯ್ಯನವರು.

"ನನ್ನ ಕೈಲಾಗಲ್ಲ ಅಯ್ಯನವರೇ. ಅದು ಹಂದಿ ಕೊಯ್ಯೋ ಚೂರಿ."

"ಸೇತ್!"

ಸೇತ್ ಬೆಲ್ಟು ಬಿಚ್ಚಿ ತೋಳಿಗೆ ಬಿಗಿದ. ಮುಖ ತಿರುಗಿಸಲಿಲ್ಲ. ಕಸುಬು ಬಲ್ಲವನು, ಕೀಲು ಹುಡುಕಿ ಚೂರಿ ಇಳಿಸಿದ.

ಸೈಲಸ್ ಕ್ರೌಚನ ಬೂದಿಯನ್ನು ಬೇಸಗೆಯಲ್ಲಿ ಹೂತರು. ಹೆಸರು ಕೆತ್ತಿದರು. ಬೋಳುಗಲ್ಲುಗಳಿಗೂ ಒಂದೊಂದಾಗಿ ಹೆಸರು ಬಂತು, ಐಸಾಕನದೂ. ಕರಿನೆಲದಲ್ಲಿ, ಕಲ್ಲಿನ ಸುತ್ತ, ಮೊದಲ ಮಳೆಗೇ ಹುಲ್ಲು ಚಿಗುರಿತು. ದೇವರು ಕೊಡುವ ಕ್ಷಮೆ ಹೀಗೇ ಇರುತ್ತದೆ, ಸದ್ದಿಲ್ಲದೆ.

ಮರುವರ್ಷ ಮೇರೆ ಸುತ್ತುವ ದಿನ ಕ್ಲೆಮೆಂಟ್ ಬಂದ, ಬರಿದಾದ ಬಲತೋಳಿನ ಬಟ್ಟೆಯನ್ನು ಮಡಿಸಿ ಪಿನ್ನು ಹಾಕಿದ ಕೋಟಿನಲ್ಲಿ. ಆ ಕಲ್ಲಿನ ಮುಂದೆ ಊರು ನಿಂತಿತು. ಯಾರೂ ಕೋಲೆತ್ತಲಿಲ್ಲ. ಕಲ್ಲಿನ ಕೆಳಗೆ ಏನಿದೆಯೆಂದು ಎಲ್ಲರಿಗೂ ಗೊತ್ತು.

"ಇದೊಂದನ್ನ ಬಿಟ್ಟು ಹೋಗೋಣ, ಕ್ಲೆಮೆಂಟ್," ಎಂದರು ಅಯ್ಯನವರು.

"ಬಿಟ್ಟದ್ದಕ್ಕೇ ಅಲ್ವಾ ಅಯ್ಯನವರೇ, ಇಷ್ಟೆಲ್ಲ ಆದದ್ದು? ಮೇರೆ ಎಲ್ಲಿ ಅಂತ ಇನ್ನು ಯಾರೂ ಮರೀಬಾರದು."

ಎಡಗೈಯಲ್ಲಿ ಕೋಲೆತ್ತಿ ಕಲ್ಲಿಗೆ ಹೊಡೆದ. ಮಡಿಸಿದ ತೋಳಿನ ಬಟ್ಟೆಯಲ್ಲಿ ಕೆಂಪು ಚುಕ್ಕೆಯೊಂದು ಮೂಡಿ ಅಗಲವಾಯಿತು. ಅವನು ಹಲ್ಲು ಕಚ್ಚಿ, ಡಾರ್ಕಸಳ ಹೆಗಲು ಹಿಡಿದುಕೊಂಡು, ಊರಿನ ಕಡೆ ತಿರುಗಿದ.

"ಹೂಂ. ಈಗ ನೀವು ಹೊಡೀರಿ."

ಊರು ಕೋಲೆತ್ತಿತು.