ಕೆನ್ನೆ ಚೀಲದ ಇಲಿ

"ಇದು ನನ್ ಮಗನ ಇಲಿ ಅಲ್ಲ ಮೇಡಮ್ಮೋರೆ. ಬದ್ಲಾಯ್ಸ್‌ಬುಟ್ಟವ್ರೆ."

ತೆರಕಣಾಂಬಿಯ ಕರಿಬಸಮ್ಮ ಪಂಜರವನ್ನು ಮೇಜಿನ ಮೇಲಿಟ್ಟಾಗ ಸೋಮೇಶನಿಗೆ ನಗು ಬಂತು. ಆಕೆಯ ಮುಖ ನೋಡಿ ನುಂಗಿಕೊಂಡ. ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತರಾಗಿದ್ದ ಸುಧಾಮಣಿಯವರ ಮನೆಗೆ ಗುಂಡ್ಲುಪೇಟೆಯ ಬಿಚ್ಚಲಾಗದ ಗಂಟುಗಳೆಲ್ಲ ಬರುತ್ತಿದ್ದವು. ಅವರನ್ನು ಸುತ್ತಿಸುವ ಸ್ಕೂಟರು ಅವರ ಹಳೆಯ ಶಿಷ್ಯ ಸೋಮೇಶನದು.

ಕರಿಬಸಮ್ಮನ ಹಿರಿಮಗ ಗಿರೀಶ್ ಲಾರಿಗೆ ಸಿಕ್ಕಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ನೋಡುವಂತಿಲ್ಲವೆಂದು, ಮುಖದ ಬಟ್ಟೆ ಬಿಚ್ಚದೆಯೇ ಮಣ್ಣು ಮಾಡಿದ್ದರು. ತಾಯಿಗೆ ಉಳಿದದ್ದು ಅವನು ಸಾಕಿದ್ದ ಮರಳುಗಾಡಿನ ಜಿಗಿಯುವ ಇಲಿ, ಜೆರ್ಬೋವಾ.

"ಕಿರಿಯವ್ನು ದಿಲೀಪನೇ ಮಾರಿರೋದು. ಕೇಳುದ್ರೆ ತಲೆ ಬಗ್ಗಿಸ್ತಾನೆ. ಸಂಜೆ ಒಳಗೆ ಮನೆ ಬುಟ್ಟು ಓಗು ಅಂದಿವ್ನಿ."

"ಬದಲಾಗಿದೆ ಅಂತ ಹೇಗೆ ಗೊತ್ತಾಯ್ತಮ್ಮ?"

"ಗಿರೀಶನ ಇಲಿ ನವಣೆ ಕೊಟ್ರೆ ಅಲ್ಲೇ ಕೂತು ತಿನ್ನದು. ಇದು ಕೆನ್ನೆ ಉಬ್ಬಿಸ್ಕಂಡು ಮೂಲೇಲಿ ಬಚ್ಚಿಡ್ತದೆ. ಸಾಲದ್ದಕ್ಕೆ ದೇವ್ರ ಜಗಲಿ ಮ್ಯಾಗಿನ ವಿಭೂತಿ ಗಟ್ಟೀನೂ ಕಾಣೆ. ಅದು ಇಲ್ದಿರೋದ ನಾನೇ ಕಂಡಿದ್ದು. ದಿನಾ ಪೂಜೆ ಮಾಡೋ ಸೊಸೆ ಬಾಯೇ ಬುಡ್ನಿಲ್ಲ."

"ಕಳ್ಳ ದೊಡ್ಡ ಶಿವಭಕ್ತ ಇರಬೇಕು," ಎಂದ ಸೋಮೇಶ.

ಸುಧಾಮಣಿ ನಗಲಿಲ್ಲ. "ಆ ಮಾತು ಮರೀಬೇಡ ಕಣೋ."

ತೆರಕಣಾಂಬಿಗೆ ಹೋದ ಸುಧಾಮಣಿ ಮೊದಲು ಕರಿಬಸಮ್ಮನ ಮನೆಯ ಹಿತ್ತಿಲು ನೋಡಿದರು. ಬಿಲ್ವದ ಬುಡದಲ್ಲಿ ಅಂಗೈಯಗಲ ಹೊಸ ಮಣ್ಣು, ಮೇಲೆ ಬಾಡಿದ ತುಂಬೆ ಹೂ. ಆಮೇಲೆ ಎಲ್ಲರನ್ನೂ ಪಡಸಾಲೆಗೆ ಕರೆದರು. ದಿಲೀಪ್ ಬಟ್ಟೆ ಚೀಲ ಹಿಡಿದು ಕಂಬಕ್ಕೊರಗಿದ್ದ. ಗಿರೀಶನ ಹೆಂಡತಿ ತೇಜಸ್ವಿನಿ ಬಾಗಿಲಲ್ಲಿ ನಿಂತಳು.

"ಕರಿಬಸಮ್ಮನ ಮಾತು ನಿಜ," ಎಂದರು ಸುಧಾಮಣಿ. "ಎರಡೂ ಹಿಂಗಾಲಲ್ಲಿ ಜಿಗಿಯುತ್ತವೆ, ಎರಡಕ್ಕೂ ಬಾಲದ ತುದಿಯಲ್ಲಿ ಕುಚ್ಚು. ಆದರೆ ಗಿರೀಶನ ಜೆರ್ಬೋವಾಕ್ಕೆ ಉದ್ದ ಕಿವಿ, ಹಿಂಗಾಲಿಗೆ ಮೂರೇ ಬೆರಳು. ಇದಕ್ಕೆ ಮೋಟು ಕಿವಿ, ಬೆರಳೂ ಹೆಚ್ಚು, ಕಾಳು ತುಂಬಿಕೊಳ್ಳಲು ಕೆನ್ನೆಯ ಹೊರಗೆ ರೋಮದ ಚೀಲ. ಇದು ಅಮೆರಿಕದ ಕಾಂಗರೂ ಇಲಿ.

"ಮಾರಿಕೊಂಡವನು ಪಂಜರ ಖಾಲಿ ಬಿಡ್ತಾನೆ. ಅಂಥದ್ದೇ ಹುಡುಕಿ ತಂದಿಟ್ಟವರು ಕದ್ದವರಲ್ಲ, ಏನನ್ನೋ ಮುಚ್ಚಿಟ್ಟವರು. ಹಿತ್ತಿಲ ಬಿಲ್ವದ ಬುಡದಲ್ಲಿ ಹೊಸ ಮಣ್ಣಿದೆ. ನಿಮ್ಮಲ್ಲಿ ಮಣ್ಣಿಗಿಡೋ ಜೀವದ ಜೊತೆ ವಿಭೂತಿ ಇಡ್ತೀರಿ. ಜಗಲಿಯ ಗಟ್ಟಿ ಹೋದದ್ದು ದಿನಾ ಪೂಜೆ ಮಾಡೋಳಿಗೆ ಕಾಣದೆ ಇರುತ್ತಾ, ತೇಜಸ್ವಿನಿ?"

ತೇಜಸ್ವಿನಿ ಅತ್ತೆಯ ಕಾಲ ಬಳಿ ಬಂದು ಕೂತಳು. "ಒಂದಿನ ಬೆಳಿಗ್ಗೆ ನೋಡುದ್ರೆ ಇಲಿ ತಣ್ಣಗಾಗಿತ್ತು ಅತ್ತೆ. ಇನ್ನೊಂದು ಸಾವು ನಿಮಗೆ ಹೇಳಕ್ಕೆ ನನ್ ಕೈಲಾಗ್ಲಿಲ್ಲ. ದಿಲೀಪನ್ನ ಬೇಡ್ಕಂಡು ಮೈಸೂರಿಂದ ಇದನ್ನ ತರಿಸ್ದೆ. ಹೇಳಬೇಡ ಅಂತ ಆಣೆ ಹಾಕಿಸ್ಕಂಡಿದ್ದೆ."

ಕರಿಬಸಮ್ಮ ದಿಲೀಪನ ಕೈಲಿದ್ದ ಚೀಲ ನೋಡಿದಳು.

"ಚೀಲ ಒಳಗಿಡೋಗು ಮಗ," ಎಂದಳು ಕಿರಿಮಗನಿಗೆ. ಗೋಡೆ ಹಿಡಿದು ಹಿತ್ತಿಲಿಗೆ ನಡೆದು, ಬಿಲ್ವದ ಬುಡದ ಮಣ್ಣಿನ ಮೇಲೆ ಅಂಗೈ ಊರಿದಳು. ಸೊಸೆ ಹಿಂದೆಯೇ ಬಂದಳು.

"ಹಣೆಗೆ ಇಟ್ಯೇನವ್ವ ವಿಭೂತಿಯ?"

"ಇಟ್ಟೆ ಅತ್ತೆ."

"ಮುಖ ನೋಡಿದ್ಯಾ?"

ತೇಜಸ್ವಿನಿ ಹೌದೆಂದು ತಲೆಯಾಡಿಸಿದಳು.

"ಹೆಂಗಿತ್ತವ್ವ?"

"ನಿದ್ದೆ ಮಾಡ್ದಂಗಿತ್ತು."

"ಹಂಗಾದ್ರೆ ನೋವಾಗಿರಕ್ಕಿಲ್ಲ ಬುಡು," ಎಂದಳು ಕರಿಬಸಮ್ಮ. "ನೋವಾಗಿರಕ್ಕಿಲ್ಲ ನನ್ ಕಂದಂಗೆ."

ಸೋಮೇಶ ಸ್ಕೂಟರಿನತ್ತ ತಿರುಗಿದ. ಕೀಲಿ ಕೈಯಲ್ಲೇ ಇದ್ದರೂ ಜೇಬು ತಡಕಿದ.